ನೀರಿನಲ್ಲಿ ಮುಳುಗಿ ಬೇಟೆಯಾಡುವ ವಿಷದ ಸುಂಡಿಲಿ ನಿಜವಾಗಿ ಇದೆಯಾ?

ನೀವು ಕೇಳಿರುವುದು ಮೂರು ಪ್ರಶ್ನೆ. ವಿಡಿಯೋದಲ್ಲಿ ನೋಡಿದ ಈಜುವ ಸುಂಡಿಲಿ ನಿಜವಾ? ಅದಕ್ಕೆ ವಿಷ ಇದೆಯಂತೆ, ಕಚ್ಚಿದರೆ ಮನುಷ್ಯ ಸಾಯುತ್ತಾನಾ? ನಮ್ಮ ಕಡೆ ಅಂಥದ್ದು ಇದೆಯಾ?

ನಿಜ. ಸಾಯುವುದಿಲ್ಲ. ಕರ್ನಾಟಕದಲ್ಲಿ ಇಲ್ಲ. ಅವಸರದಲ್ಲಿದ್ದರೆ ಇಷ್ಟು ಸಾಕು. ಇಲ್ಲದಿದ್ದರೆ ಮುಂದೆ ಓದಿ, ಈ ಪ್ರಾಣಿ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ನೀವು ನೋಡಿದ್ದು ಬಹುಶಃ ಯುರೋಪಿನ ನೀರು ಸುಂಡಿಲಿ. ವೈಜ್ಞಾನಿಕ ಹೆಸರು ನಿಯೋಮಿಸ್ ಫೋಡಿಯನ್ಸ್. ಬ್ರಿಟನ್ನಿನಿಂದ ಸೈಬೀರಿಯಾದ ಬೈಕಲ್ ಸರೋವರದ ತನಕ ಹರಡಿದೆ, ಆದರೆ ಬ್ರಿಟನ್ನಿನ ಪಕ್ಕದ ಐರ್ಲೆಂಡಿನಲ್ಲಿ ಇಲ್ಲ. ಬೆನ್ನು ಕಡುಗಪ್ಪು, ಹೊಟ್ಟೆ ಬೆಳ್ಳಗೆ ಅಥವಾ ಬೂದು ಬಣ್ಣ, ಮೂತಿ ಉದ್ದ, ಕಣ್ಣು ಸಾಸಿವೆಯಷ್ಟೇ. ತೂಕ ಸಾಮಾನ್ಯವಾಗಿ 12ರಿಂದ 18 ಗ್ರಾಂ. ಇಲಿ ಹೆಗ್ಗಣಗಳಿಗೂ ಇದಕ್ಕೂ ಸಂಬಂಧ ಇಲ್ಲ. ನೆಲದಡಿ ಬಿಲ ತೋಡುವ ಮೋಲ್, ಮೈಯೆಲ್ಲ ಮುಳ್ಳಿರುವ ಹೆಡ್ಜ್‌ಹಾಗ್ ಇದರ ದೂರದ ನೆಂಟರು. ರಾತ್ರಿ ಅಡುಗೆಮನೆಯ ಗೋಡೆ ಬದಿಯಲ್ಲಿ ಚಿಕ್ ಚಿಕ್ ಅಂತ ಓಡುತ್ತಾ ಗಬ್ಬು ವಾಸನೆ ಬಿಟ್ಟು ಹೋಗುವ ನಮ್ಮ ಸುಂಡಿಲಿ ಇದೆಯಲ್ಲ, ಅದರದೇ ಕುಟುಂಬ.

ಈ ಪ್ರಾಣಿ ಅಂದ ತಕ್ಷಣ ಎಲ್ಲರೂ ವಿಷದ ಕಥೆ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅದರ ಹಸಿವನ್ನು. ಅದು ಅರ್ಥವಾದರೆ ವಿಷವೂ ಅರ್ಥವಾಗುತ್ತದೆ.

ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುತ್ತದೆ. ಅದರ ಮೇಲೆ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಎರಡು ಹತ್ತು ರೂಪಾಯಿ ನಾಣ್ಯದಷ್ಟು ತೂಕದ ಬಿಸಿ ರಕ್ತದ ಪ್ರಾಣಿಯೊಂದು ಯುರೋಪಿನ ಚಳಿಗಾಲದ ತೊರೆಗೆ ಇಳಿಯುತ್ತದೆ ಅಂದರೆ ಲೆಕ್ಕವೇ ಕೂಡಿಬರುವುದಿಲ್ಲ ಅನಿಸುತ್ತದೆ, ಅಲ್ವಾ? ಆ ಲೆಕ್ಕ ಕೂಡಿಸುವುದಕ್ಕೇ ಅದು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನಬೇಕು. ಹಗಲು ರಾತ್ರಿ ಅಂತಿಲ್ಲ. ಸ್ವಲ್ಪ ಹೊತ್ತು ಮಲಗು, ಏಳು, ಬೇಟೆಯಾಡು, ಮತ್ತೆ ಮಲಗು. ಚಳಿಗಾಲ ಪೂರ್ತಿ ನಿದ್ದೆ ಹೊಡೆಯುವ ಅನುಕೂಲ ಇದಕ್ಕಿಲ್ಲ.

ಹಾಗಾದರೆ ನೀರಿನ ಸಹವಾಸವೇ ಯಾಕೆ? ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಮೇಲೆ ಹುಳು ಸಿಗುವುದು ಕಷ್ಟ. ಹರಿಯುವ ತೊರೆಯ ತಳದಲ್ಲಿ ಮಾತ್ರ ಸಣ್ಣ ಸೀಗಡಿಯಂಥ ಜೀವಿಗಳು, ಕ್ಯಾಡಿಸ್ ನೊಣದ ಮರಿಹುಳುಗಳು ಆಗಲೂ ಇರುತ್ತವೆ. ಅದೇ ಕುಟುಂಬದ, ನೆಲದ ಮೇಲೆ ಬದುಕುವ ಯುರೋಪಿನ ಸಾಮಾನ್ಯ ಸುಂಡಿಲಿ ಚಳಿಗಾಲಕ್ಕೆ ತನ್ನ ತಲೆಬುರುಡೆಯನ್ನೇ ಕುಗ್ಗಿಸಿಕೊಳ್ಳುತ್ತದೆ, ಮಿದುಳೂ ಚಿಕ್ಕದಾಗುತ್ತದೆ, ವಸಂತದಲ್ಲಿ ಮತ್ತೆ ಸ್ವಲ್ಪ ಬೆಳೆಯುತ್ತದೆ. ಪೋಲೆಂಡಿನ ವಿಜ್ಞಾನಿ ಆಗಸ್ಟ್ ಡೆನೆಲ್ 1949ರಲ್ಲಿ ಇದನ್ನು ದಾಖಲಿಸಿದಾಗಿನಿಂದ ಅದಕ್ಕೆ ಅವರದೇ ಹೆಸರು. ಚಳಿಗಾಲ ಸುಂಡಿಲಿಗಳಿಗೆ ಎಷ್ಟು ದುಬಾರಿ ಅಂತ ಇದರಿಂದಲೇ ಊಹಿಸಿ.

ಈಗ ಮೈ ನೋಡಿ. ತುಪ್ಪಳ ಎಷ್ಟು ದಟ್ಟ ಅಂದರೆ ಮುಳುಗಿದಾಗ ಅದರೊಳಗೆ ಗಾಳಿ ಸಿಕ್ಕಿಕೊಂಡು ಇಡೀ ಪ್ರಾಣಿ ಬೆಳ್ಳಿಯಂತೆ ಹೊಳೆಯುತ್ತದೆ. ನಿಮ್ಮ ವಿಡಿಯೋದಲ್ಲಿ ಹೊಳೆದದ್ದು ಅದೇ ಇರಬೇಕು. ಹಿಂಗಾಲಿನ ಬೆರಳುಗಳ ಅಂಚಿನಲ್ಲಿ ಗಟ್ಟಿ ಕೂದಲಿನ ಝಾಲರಿ ಇದೆ, ದೋಣಿಯ ಹುಟ್ಟಿನ ಕೆಲಸ ಅದರದು. ಬಾಲದ ಕೆಳಗೂ ಅಂಥದೇ ಕೂದಲಿನ ಒಂದು ಸಾಲು, ಅದು ಚುಕ್ಕಾಣಿ. ಆದರೆ ಮೈ ಬೆಚ್ಚಗಿಡುವ ಆ ಗಾಳಿಯೇ ಅದನ್ನು ಮೇಲಕ್ಕೂ ತಳ್ಳುತ್ತದೆ. ಕಾಲು ಬಡಿಯುವುದು ನಿಲ್ಲಿಸಿದರೆ ಸೀದಾ ಮೇಲೆ ತೇಲಿಬಿಡುತ್ತದೆ. ಹಾಗಾಗಿ ಮುಳುಗುವುದು ಕೆಲವೇ ಸೆಕೆಂಡು, ಅಷ್ಟರಲ್ಲೇ ಕಲ್ಲುಗಳ ಸಂದಿಯಲ್ಲಿ ತಡಕಾಡಿ ಸಿಕ್ಕಿದ್ದನ್ನು ಕಚ್ಚಿಕೊಂಡು ಮೇಲೆ ಬಂದು ದಡದಲ್ಲಿ ತಿನ್ನುವುದು. ಬಿಲದ ಸುರಂಗವೂ ಇಕ್ಕಟ್ಟು, ಒಳಗೆ ನುಸುಳುವಾಗ ಮೈಯ ನೀರು ತಾನಾಗೇ ಹಿಂಡಿಹೋಗುತ್ತದೆ.

ವಿಷಕ್ಕೆ ಬರೋಣ. ಹಾವಿನ ಹಾಗೆ ಟೊಳ್ಳು ಹಲ್ಲಿಲ್ಲ. ವಿಷ ಇರುವುದು ಜೊಲ್ಲಿನಲ್ಲಿ, ದವಡೆಯ ಕೆಳಗಿನ ಗ್ರಂಥಿಯಿಂದ ಬರುತ್ತದೆ, ಕಚ್ಚಿದ ಗಾಯಕ್ಕೆ ಇಳಿಯುತ್ತದೆ. ಹಲ್ಲಿನ ತುದಿ ಕೆಂಪು, ಅದು ರಕ್ತ ಅಲ್ಲ, ಹಲ್ಲು ಬೇಗ ಸವೆಯದಂತೆ ಎನಾಮಲ್‌ನಲ್ಲಿ ಸೇರಿಕೊಂಡ ಕಬ್ಬಿಣದ ಅಂಶ. ಪೋಲೆಂಡಿನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ವಿಷ ಕಪ್ಪೆಯ ಹೃದಯದ ಬಡಿತವನ್ನು ಕುಗ್ಗಿಸಿತು, ಅದರ ನರ ಮತ್ತು ಸ್ನಾಯುಗಳ ಕೆಲಸವನ್ನೂ ದುರ್ಬಲ ಮಾಡಿತು. ಇದರಿಂದ ಎರಡು ಲಾಭ. ತನಗಿಂತ ದೊಡ್ಡ ಕಪ್ಪೆಯನ್ನೂ ಎದುರಿಸಬಹುದು. ಜೊತೆಗೆ ಸಿಕ್ಕಿದ್ದನ್ನು ಕೊಲ್ಲದೆ, ಓಡಿಹೋಗದ ಹಾಗೆ ಮಾಡಿ ಕೂಡಿಡಬಹುದು. ಸತ್ತದ್ದು ಕೊಳೆಯುತ್ತದೆ, ಜೀವ ಇದ್ದದ್ದು ತಾಜಾ ಇರುತ್ತದೆ. ಕ್ರೂರ ಅನಿಸಬಹುದು, ಆದರೆ ಊಟ ತಪ್ಪಿದರೆ ಒಂದು ದಿನವೂ ತಾಳಲು ಕಷ್ಟಪಡುವ ಪ್ರಾಣಿಗೆ ಇದೇ ಉಗ್ರಾಣ. ಮನುಷ್ಯರಿಗೆ ಕಚ್ಚಿದರೆ ಉರಿ, ಕೆಂಪಾಗುವುದು, ನೋವು ಕೆಲವು ದಿನ ಉಳಿಯಬಹುದು, ಅಷ್ಟೇ. ಅದೂ ನೀವಾಗಿ ಕೈಯಲ್ಲಿ ಹಿಡಿದರೆ ಮಾತ್ರ.

ಕತ್ತಲಲ್ಲಿ ನೀರಿನ ಕೆಳಗೆ ಬೇಟೆ ಹೇಗೆ ಸಿಗುತ್ತದೆ ಅನ್ನುವುದನ್ನು ಚೆನ್ನಾಗಿ ಬಿಡಿಸಿದ್ದು ಅಮೆರಿಕದ ನೀರು ಸುಂಡಿಲಿಯ ಮೇಲೆ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೆನೆತ್ ಕಟಾನಿಯಾ 2006ರಲ್ಲಿ ತೋರಿಸಿದ್ದು ಹೀಗೆ: ಅದು ಮೂಗಿನಿಂದ ಗಾಳಿಗುಳ್ಳೆ ಬಿಟ್ಟು, ಆ ಗುಳ್ಳೆ ವಸ್ತುವಿಗೆ ತಾಗಿದ ಮೇಲೆ ಮತ್ತೆ ಒಳಗೆ ಎಳೆದುಕೊಂಡು, ನೀರಿನ ಕೆಳಗೇ ವಾಸನೆ ಹಿಡಿಯುತ್ತದೆ! ಅದಕ್ಕೂ ಮೊದಲು ಯಾರೂ ಇದನ್ನು ನಂಬಿರಲಿಲ್ಲ, ಸಸ್ತನಿಗಳಿಗೆ ನೀರಿನೊಳಗೆ ಮೂಗು ಕೆಲಸಕ್ಕೆ ಬಾರದು ಅಂತಲೇ ಎಲ್ಲರ ಲೆಕ್ಕ. ಎರಡು ವರ್ಷದ ನಂತರದ ಇನ್ನೊಂದು ಅಧ್ಯಯನದಲ್ಲಿ, ನೀರು ಸ್ವಲ್ಪ ಅಲುಗಿದರೂ ಅದು ಸೆಕೆಂಡಿನ 50ನೇ ಒಂದು ಭಾಗದಲ್ಲಿ ದಾಳಿ ಶುರು ಮಾಡುವುದು ಕಂಡಿತು. ಪಾಪ ಮೀನು, ತಪ್ಪಿಸಿಕೊಳ್ಳಲು ಬಾಲ ಬಡಿದದ್ದೇ ಅದಕ್ಕೆ ಮುಳುವು.

ಇಷ್ಟೆಲ್ಲ ಮಾಡಿಯೂ ಆಯಸ್ಸು ಸುಮಾರು ಒಂದೂವರೆ ವರ್ಷ. ಹುಟ್ಟಿದ ಮುಂದಿನ ಬೇಸಿಗೆಯಲ್ಲಿ ಮರಿ ಹಾಕುತ್ತದೆ, ಒಂದು ಸೂಲಿಗೆ ಆರರ ಆಸುಪಾಸು, ಆಮೇಲೆ ಕಥೆ ಮುಗಿಯಿತು.

ನೋಡಲು ಸಿಗುವುದು ಕಷ್ಟ. ಕೆಲಸದ ಮೇಲೆ ದಕ್ಷಿಣ ಇಂಗ್ಲೆಂಡಿನಲ್ಲಿದ್ದಾಗ ಸ್ವಯಂಸೇವಕರ ಜೊತೆ ಹ್ಯಾಂಪ್‌ಶೈರ್ ಕಡೆಯ ತೊರೆಗಳಲ್ಲಿ ನಾನೂ ಹುಡುಕಿದ್ದೇನೆ. ಹುಡುಕುವುದು ಅಂದರೆ ಪ್ರಾಣಿಯನ್ನಲ್ಲ, ಹಿಕ್ಕೆಯನ್ನು. ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ನೊಣದ ಪ್ಯೂಪಾ (ಹುಳು ನೊಣವಾಗುವ ಮೊದಲಿನ ಹಂತ) ಹಾಕಿ ದಡದ ಹುಲ್ಲಿನಲ್ಲಿ ಇಟ್ಟು ಬರಬೇಕು. ಸುಂಡಿಲಿ ಬಂದು ತಿಂದು, ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ. ಆ ಹಿಕ್ಕೆಯಲ್ಲಿ ಸಿಹಿನೀರಿನ ಸೀಗಡಿಯ ಚಿಪ್ಪಿನ ಚೂರು ಸೂಕ್ಷ್ಮದರ್ಶಕದಲ್ಲಿ ಕಂಡರೆ ಅದು ನೀರು ಸುಂಡಿಲಿಯದೇ. ವಾಸನೆ ಮಾತ್ರ ಕೇಳಬೇಡಿ. ಬೋನಿಟ್ಟು ಹಿಡಿಯುವುದಕ್ಕೆ ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅದು ಸರಿಯೇ, ಬೋನಿನಲ್ಲಿ ಆಹಾರ ಇಲ್ಲದೆ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸತ್ತುಹೋಗಬಹುದು.

ಕೊನೆಯ ಪ್ರಶ್ನೆ. ಭಾರತದಲ್ಲಿ ನೀರು ಸುಂಡಿಲಿ ಬೇಕಿದ್ದರೆ ಹಿಮಾಲಯಕ್ಕೆ ಹೋಗಬೇಕು. ಅಲ್ಲಿನ ಬೆಟ್ಟದ ತೊರೆಗಳಲ್ಲಿ ಹಿಮಾಲಯದ ನೀರು ಸುಂಡಿಲಿ ಇದೆ. ಸಿಕ್ಕಿಂ ಕಡೆ ನೆಕ್ಟೋಗೇಲ್ ಅನ್ನುವ ಇನ್ನೊಂದಿದೆ, ಅದು ಇನ್ನೂ ಪಕ್ಕಾ ಈಜುಗಾರ: ಬೆರಳುಗಳ ನಡುವೆ ಜಾಲಪೊರೆ, ಹೊರಕಿವಿಯೇ ಕಾಣುವುದಿಲ್ಲ. ನಮ್ಮ ಗದ್ದೆ ಕಾಲುವೆಯಲ್ಲೋ ಹಳ್ಳದಲ್ಲೋ ಚಿಕ್ಕದೊಂದು ಈಜಿಕೊಂಡು ಹೋದದ್ದನ್ನು ನೀವು ನೋಡಿದ್ದರೆ ಅದು ಇಲಿಯೋ ಹೆಗ್ಗಣವೋ ಆಗಿರುವ ಸಾಧ್ಯತೆಯೇ ಹೆಚ್ಚು, ಅವೂ ಚೆನ್ನಾಗಿ ಈಜುತ್ತವೆ. ಫೋಟೋ ಇದ್ದರೆ ಹಾಕಿ. ಮೂತಿ ಮತ್ತು ಕಿವಿ ಕಂಡರೆ ಹೇಳಬಹುದು.