ಹತ್ತು ಅಭ್ಯಾಸದ ಪಟ್ಟಿ ಹರಿದು ಹಾಕಿ

‘ದಿನಾ ರೂಢಿಸಿಕೊಳ್ಳಬೇಕಾದ 10 ಅಭ್ಯಾಸ ಹೇಳಿ, 21 ದಿನ ತಪ್ಪದೆ ಮಾಡ್ತೀನಿ’ ಅಂತ ಕೇಳಿದೀರ. ನನ್ನ ಪಟ್ಟಿಯಲ್ಲಿ ಏಳಿದ್ವು.

2018ರ ಯುಗಾದಿ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೌಂಟರ್ ಕೆಲಸ ನಂದು. ಬೇವುಬೆಲ್ಲ ತಿಂದ ಕೈಯಲ್ಲೇ ಹೊಸ ನೋಟ್‌ಬುಕ್ಕಿಗೆ ಸ್ಕೇಲ್ ಇಟ್ಟು 21 ಮನೆ ಎಳೆದೆ. ಐದಕ್ಕೆ ಏಳೋದು, ಕುಂದವಾಡ ಕೆರೆ ಹತ್ರ ವಾಕಿಂಗು, ಯೋಗ, ಹತ್ತು ಇಂಗ್ಲಿಷ್ ಪದ, ಒಂದು ಗಂಟೆ ಟ್ಯಾಲಿ (ಅಂಗಡಿ ಲೆಕ್ಕ ಬರೆಯೋ ಕಂಪ್ಯೂಟರ್ ಸಾಫ್ಟ್‌ವೇರ್) ಕಲಿಯೋದು, ಡೈರಿ. ಏಳನೇದು ಏನಿತ್ತೋ, ಈಗ ನೆನಪೇ ಇಲ್ಲ.

ಒಂಬತ್ತನೇ ದಿನ ಜಗಳೂರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮೂರು ದಿನ ಎಲ್ಲಾ ಬಿಟ್ಟುಹೋಯ್ತು. ಅದು ತಪ್ಪಲ್ಲ, ಮದುವೆಗೆ ಹೋಗದೆ ಇರೋಕಾಗುತ್ತಾ? ವಾಪಸ್ ಬಂದು ಮಾಡಿದ್ದೇ ತಪ್ಪು. ಆ ಪುಟಕ್ಕೆ ಅಡ್ಡಗೆರೆ ಎಳೆದು, ಮುಂದಿನ ಪುಟದಲ್ಲಿ ಮತ್ತೆ ‘1ನೇ ದಿನ’ ಅಂತ ಬರೆದೆ. ಲೆಕ್ಕ ಒಂದರಿಂದ ಶುರುವಾದ್ರೆ ಪಾಠವೂ ಒಂದರಿಂದಲೇ ಶುರುವಾಗಬೇಕು ಅನ್ನೋ ಹುಚ್ಚು ಬೇರೆ. ಟ್ಯಾಲಿ ಪುಸ್ತಕದ ಮೊದಲ ಪಾಠಕ್ಕೇ ಹೋದೆ. ಆಮೇಲೆ ಜ್ವರ ಬಂತು, ಮತ್ತೆ 1ನೇ ದಿನ. ಸ್ಟಾಕ್ ಲೆಕ್ಕಕ್ಕೆ ರಾತ್ರಿ ಹತ್ತಾಯ್ತು, ಮತ್ತೆ 1ನೇ ದಿನ. ದೀಪಾವಳಿ ಹೊತ್ತಿಗೆ ಆ ನೋಟ್‌ಬುಕ್ಕಲ್ಲಿ ಹನ್ನೊಂದು ‘1ನೇ ದಿನ’ ಇದ್ವು. ಹೊಸ ಕಂಪನಿ ಕ್ರಿಯೇಟ್ ಮಾಡೋದು, ಲೆಡ್ಜರ್ ತೆರೆಯೋದು ನಿದ್ದೆಯಲ್ಲೂ ಬರ್ತಿತ್ತು. ಜಿಎಸ್‌ಟಿ ಪಾಠದ ಹಾಳೆ ಮಾತ್ರ ಹೊಸದಾಗೇ ಉಳಿದಿತ್ತು. ಅಮ್ಮ ‘ಆರಂಭಶೂರ’ ಅಂತಿದ್ಲು. ಆರಂಭ ಮಾಡೋದ್ರಲ್ಲಿ ನಿಜಕ್ಕೂ ಶೂರನೇ.

ಅದೇ ದೀಪಾವಳಿಗೆ ಬಿಲ್ಲಿಂಗ್ ನೋಡ್ಕೊಳ್ಳೋರು ಕೆಲಸ ಬಿಟ್ರು. ಸಾಹುಕಾರ್ರು ನನ್ನನ್ನೇ ಮೊದಲು ಕರೆದದ್ದು. ಆಗ ಸಾವಿರ ರೂಪಾಯಿವರೆಗಿನ ರೆಡಿಮೇಡಿಗೆ ಶೇ 5, ಅದರ ಮೇಲೆ ಶೇ 12 ಜಿಎಸ್‌ಟಿ. ‘ಎರಡನ್ನೂ ಒಂದೇ ಬಿಲ್ಲಲ್ಲಿ ಹಾಕಪ್ಪ’ ಅಂದ್ರು. ಸ್ಕ್ರೀನ್ ನೋಡ್ತಾ ಕೂತೆ. ಬಿಲ್ಲಿಂಗ್ ಕೆಲಸ ಪಕ್ಕದ ಕೌಂಟರಿನ ಹುಡುಗನಿಗೆ ಹೋಯ್ತು. ಅವನ ಹತ್ರ ಯಾವ ಪಟ್ಟಿಯೂ ಇರಲಿಲ್ಲ.

21 ದಿನ ಮಾಡಿದ್ರೆ ಅಭ್ಯಾಸ ಆಗಿಬಿಡುತ್ತೆ ಅನ್ನೋ ಮಾತು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನ ಇಟ್ಟುಕೊಂಡು ನೋಡಿದ್ರು. ಅಭ್ಯಾಸ ಅಂಟಿಕೊಳ್ಳೋಕೆ ನಡುಮಟ್ಟಕ್ಕೆ 66 ದಿನ ಬೇಕು, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ಅಂತ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋವಂಥ ನಷ್ಟವೇನಿಲ್ಲ ಅಂತಲೂ ಕಂಡುಬಂತು. ಇದನ್ನ ಓದಿದ ದಿನ ನೋಟ್‌ಬುಕ್ಕನ್ನ ಮಂಡಕ್ಕಿ ಅಂಗಡಿಯವರಿಗೆ ಕೊಟ್ಟೆ, ಪೊಟ್ಟಣ ಕಟ್ಟೋಕೆ.

ಹತ್ತು ಯಾಕೆ ಬೇಕು ನಿಮಗೆ? ಒಂದೇ ಇಟ್ಕೊಳ್ಳಿ, ಅದನ್ನ ದಿನಾ ಹೇಗೂ ಮಾಡೋ ಕೆಲಸದ ಬಾಲಕ್ಕೆ ಕಟ್ಟಿ. ನಾನು ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟ ಕೂಡಲೇ ಹಳೇ ಬಿಲ್ ಒಂದನ್ನ ಟ್ಯಾಲಿಗೆ ಏರಿಸ್ತಿದ್ದೆ. ಒಂದೇ ಒಂದು. ಆ ಹೊತ್ತಲ್ಲಿ ಗಿರಾಕಿ ಕಮ್ಮಿ. ತಪ್ಪಿದ ದಿನ ತಪ್ಪಿತು, ಮಾರನೇ ದಿನ ಅದರ ಮುಂದಿನ ಬಿಲ್. ಮುಂದಿನದು, ಮೊದಲಿನದಲ್ಲ. ವರ್ಷ ತುಂಬೋದ್ರೊಳಗೆ ಬೇರೆ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ತು, ಈಗಲೂ ಅಲ್ಲೇ ಇದೀನಿ.

ಐದಕ್ಕೆ ಏಳೋದು ಕೈಗೆ ಹತ್ತಲಿಲ್ಲ. ಕುಂದವಾಡ ಕೆರೆಗೆ ಭಾನುವಾರ ಹೋಗ್ತೀನಿ. ಬರ್ತಾ ಎರಡು ಬೆಣ್ಣೆ ದೋಸೆ ತಿನ್ನೋದ್ರಿಂದ ಅದನ್ನ ಅಭ್ಯಾಸದ ಲೆಕ್ಕಕ್ಕೆ ಸೇರಿಸಿಲ್ಲ.