ಜತ್ತದ ಕನ್ನಡ ಶಾಲೆ ಮತ್ತು ಕಬ್ಬಿನ ಹಂಗಾಮು

"ಮಹಾರಾಷ್ಟ್ರದಲ್ಲಿದ್ದೀರಿ, ಮಕ್ಕಳನ್ನು ಸುಮ್ನೆ ಮರಾಠಿ ಶಾಲೆಗೆ ಹಾಕಿಬಿಡಿ. ಅರ್ಧಕ್ಕೆ ಶಾಲೆ ಬಿಡೋ ಗೋಳೇ ಇರೋದಿಲ್ಲ ಅಲ್ವಾ?" ಅಂತ ನೀನು ಬೆಂಗಳೂರಿನಿಂದ ಕೇಳಿದೆ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ ಅಂತ ಗೊತ್ತು. ಆದರೂ ನೋವಾಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸೋಕೆ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಊರಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಜತ್ತ ಸಾಂಗಲಿ ಜಿಲ್ಲೆಯ ತಾಲೂಕು. ಉಮದಿ, ಸಂಖ, ಗುಡ್ಡಾಪುರದ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಗುಡ್ಡಾಪುರದ ದಾನಮ್ಮದೇವಿಗೆ ವಿಜಯಪುರದ ಕಡೆಯಿಂದ ಜನ ಇವತ್ತಿಗೂ ನಡೆದುಕೊಂಡು ಬರುತ್ತಾರೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಈ ಕಡೆ ಉಳಿದೆವು. 2022ರಲ್ಲಿ ನೀರಿನ ವಿಷಯಕ್ಕೆ ನಮ್ಮ ಹಳ್ಳಿಗಳ ಹೆಸರು ಟಿವಿಯಲ್ಲಿ ಬಂದಾಗ ನೀನೇ ಫೋನ್ ಮಾಡಿದ್ದೆ. ಆಮೇಲೆ ಯಾರೂ ಕೇಳಲಿಲ್ಲ.

ಇನ್ನು ಶಾಲೆ. ನಾನು ಕಲಿಸುವುದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಅದು ಯಾರೋ ದಯೆ ತೋರಿಸಿ ನಡೆಸುತ್ತಿರುವ ಶಾಲೆ ಅಲ್ಲ. ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕ ಸಂಸ್ಥೆ, ಪುಣೆಯ ಬಾಲಭಾರತಿ, 8 ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಕನ್ನಡವೂ ಅದರಲ್ಲಿ ಒಂದು. ಹತ್ತನೆಯ ಬೋರ್ಡ್ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು. ನಮ್ಮ ಮಕ್ಕಳು ಮರಾಠಿಯನ್ನು ಒಂದು ವಿಷಯವಾಗಿ ಕಲಿಯುತ್ತಾರೆ, ಸಂತೆಯಲ್ಲಿ, ಬಸ್ಸಿನಲ್ಲಿ ಸಲೀಸಾಗಿ ಆಡುತ್ತಾರೆ. ಆದರೆ ಭಿನ್ನರಾಶಿ ಅರ್ಥವಾಗುವುದು ಅವ್ವ ಮಾತಾಡುವ ಭಾಷೆಯಲ್ಲಿ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ?

ನಮ್ಮ ಮಕ್ಕಳನ್ನು ಶಾಲೆಯಿಂದ ಎಳೆದುಕೊಂಡು ಹೋಗುವುದು ಕಬ್ಬು. ಜತ್ತ ಬರದ ಸೀಮೆ. ದಸರಾ ಮುಗಿಯುವ ಹೊತ್ತಿಗೆ ಮುಕಾದಮನ, ಅಂದರೆ ಕಬ್ಬು ಕಡಿಯೋಕೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರನ, ಟ್ರ್ಯಾಕ್ಟರ್ ಊರಿಗೆ ಬರುತ್ತದೆ. ಗಂಡ ಹೆಂಡತಿ ಜೋಡಿಗೆ ಒಂದು ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಅಂತ ಲೆಕ್ಕ. ಮುಂಗಡ ಹಣ, ಅಂದರೆ ಉಚಲ, ಮಳೆಗಾಲದಲ್ಲೇ ತಗೊಂಡು ಖರ್ಚಾಗಿರುತ್ತದೆ. ಅದನ್ನು ತೀರಿಸೋಕೆ ಕೊಲ್ಹಾಪುರದ ಕಡೆಗೋ, ಅಥಣಿ ಚಿಕ್ಕೋಡಿ ಕಡೆಗೋ ಹೋಗಲೇಬೇಕು. ವಾಪಸ್ ಬರುವುದು ಯುಗಾದಿಯ ಆಸುಪಾಸು. ಮಕ್ಕಳೂ ಜೊತೆಗೆ ಹೋಗುತ್ತಾರೆ. ದೊಡ್ಡವಳು ಗುಡಿಸಲಿನಲ್ಲಿ ತಮ್ಮನನ್ನು ನೋಡಿಕೊಳ್ಳಬೇಕು, ನೀರು ತರಬೇಕು. ಇನ್ನೊಂದು ವಿಷಯ. ಶಾಲೆಗಳ ಮಕ್ಕಳ ಲೆಕ್ಕವನ್ನು ಸರ್ಕಾರ ಸೆಪ್ಟೆಂಬರ್ 30ಕ್ಕೆ ಹಿಡಿಯುತ್ತದೆ. ಆ ದಿನ ನಮ್ಮ ಬೆಂಚುಗಳು ತುಂಬಿರುತ್ತವೆ. ಖಾಲಿಯಾಗುವುದು ಅದಾದ ಮೇಲೆ. ಹಾಗಾಗಿ ಕಾಗದದಲ್ಲಿ ಈ ಮಕ್ಕಳು ಶಾಲೆ ಬಿಟ್ಟವರೇ ಅಲ್ಲ.

ಇಲ್ಲಿಂದ ಶುರುವಾಗುತ್ತದೆ ನೋಡು, ನಾನು ಪ್ರತಿ ವರ್ಷ ಬಡಿದಾಡುವ ಗಂಟು. ಇದನ್ನು ಸ್ವಲ್ಪ ತಾಳ್ಮೆಯಿಂದ ಓದು.

ಮಹಾರಾಷ್ಟ್ರದಲ್ಲಿ ವಲಸೆ ಹೋಗುವ ಮಕ್ಕಳಿಗೆ ಶಿಕ್ಷಣ ಹಮೀ ಕಾರ್ಡ್, ಅಂದರೆ ಶಿಕ್ಷಣ ಖಾತರಿ ಕಾರ್ಡ್, ಅಂತ ಕೊಡುತ್ತೇವೆ. ಮಗು ಎಷ್ಟನೆಯ ತರಗತಿ, ಏನೇನು ಕಲಿತಿದೆ ಅಂತ ಬರೆದು, ಹೋದ ಊರಿನ ಶಾಲೆ ಇವರನ್ನು ಸೇರಿಸಿಕೊಳ್ಳಲಿ ಅನ್ನುವ ಕಾರ್ಡ್. ಒಳ್ಳೆಯ ಯೋಚನೆ, ಮನಸಾರೆ ಹೇಳುತ್ತೇನೆ. ಕುಟುಂಬ ಕೊಲ್ಹಾಪುರದ ಕಡೆ ಹೋದರೆ ಕಾರ್ಡ್ ನಡೆಯುತ್ತದೆ. ಆದರೆ ಅಲ್ಲಿ ಗುಡಿಸಲ ಹತ್ತಿರ ಸಿಗುವುದು ಮರಾಠಿ ಶಾಲೆ. ಮೂರನೆಯ ತರಗತಿಯ ಕೂಸು ಬಾಯಿ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತಿರುತ್ತದೆ. ಸ್ವಲ್ಪ ದಿನ ಕೂತು, ಆಮೇಲೆ ಅವ್ವನ ಹಿಂದೆ ಗದ್ದೆಗೆ ಹೋಗುತ್ತದೆ. ನೀನು ಹೇಳಿದ ಉಪಾಯ ಇದೇ ತಾನೆ? ಅದನ್ನು ನಮ್ಮ ಮಕ್ಕಳ ಮೇಲೆ ಪ್ರತಿ ಚಳಿಗಾಲ ಮಾಡಿ ನೋಡಿದ್ದಾಗಿದೆ.

ಕುಟುಂಬ ಅಥಣಿ ಕಡೆ ಹೋಯಿತು ಅಂತ ಇಟ್ಟುಕೋ. ಅಲ್ಲಿ ಕನ್ನಡ ಶಾಲೆ, ಕನ್ನಡದ ಮಾಸ್ತರು. ಮಗುವಿಗೆ ಮನೆಗೆ ಬಂದ ಹಾಗೆ. ಆದರೆ ಕಾರ್ಡ್ ಮಹಾರಾಷ್ಟ್ರದ್ದು, ಮರಾಠಿಯಲ್ಲಿದೆ. ಅಲ್ಲಿನ ಹೆಡ್‌ಮಾಸ್ತರು ಅಂಥದ್ದನ್ನು ಕಂಡಿಲ್ಲ. ಅವರ ಕಂಪ್ಯೂಟರಿನಲ್ಲಿ ಹೆಸರು ಏರಿಸಲು ಟಿಸಿ ಬೇಕು. ನಾವು ಇಲ್ಲಿಂದ ದಾಖಲೆ ಕೊಟ್ಟರೆ ಮಗು ನಮ್ಮ ಪಟ್ಟಿಯಿಂದ ಹೋಗುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ಶಿಕ್ಷಕರ ಹುದ್ದೆಗೇ ಕುತ್ತು. ಮೇಲಾಗಿ ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರದಲ್ಲಿ ಬೇಸಿಗೆ ರಜೆ ಶುರು. ವಾಪಸ್ ಬರುವಾಗ ಟಿಸಿ ಕೊಡುವವರು ಯಾರು? ಪುಸ್ತಕಗಳೂ ಬೇರೆ. ಇಲ್ಲಿ ಬಾಲಭಾರತಿಯ ಕನ್ನಡ ಪುಸ್ತಕ, ಅಲ್ಲಿ ಕರ್ನಾಟಕದ್ದು.

ಕಾರ್ಡ್ ನಡೆಯುವ ಕಡೆ ಮಾತು ನಡೆಯುವುದಿಲ್ಲ, ಮಾತು ನಡೆಯುವ ಕಡೆ ಕಾರ್ಡ್ ನಡೆಯುವುದಿಲ್ಲ. ನಮ್ಮ ಪರಿಸ್ಥಿತಿ ಇಷ್ಟೇ.

ಕಾನೂನು ಏನು ಹೇಳುತ್ತದೆ ಗೊತ್ತಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗು ರಾಜ್ಯದೊಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗಬಹುದು. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಅದರ ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಗಡಿಯಾಚೆಯ ಒಂದು ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ತರು ಒಳ್ಳೆಯವರು. ಚಹಾ ಕೊಟ್ಟರು, ಮಕ್ಕಳನ್ನು ಕೂರಿಸಿಕೊಂಡರು, ಊಟವನ್ನೂ ಹಾಕಿಸಿದರು. ಹೆಸರು ಮಾತ್ರ ಏರಲಿಲ್ಲ. ಹೆಸರಿಲ್ಲದ ಮಗುವಿಗೆ ಹಾಜರಿ ಇಲ್ಲ, ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಆ ಹೆಡ್‌ಮಾಸ್ತರು ವರ್ಗವಾಗಿ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇಂಥ ಚಳಿಗಾಲಗಳು ಒಂದರ ಮೇಲೊಂದು ಸೇರುತ್ತವೆ. ಚಿಕ್ಕ ತರಗತಿಗಳಲ್ಲಿ ಮಗು ಹೇಗೋ ಮುಂದೆ ಹೋಗುತ್ತದೆ. ಆರನೆಯ ತರಗತಿಗೆ ಬಂದರೂ ಭಾಗಾಕಾರ ಬರುವುದಿಲ್ಲ. ಎಂಟು ಮುಗಿದ ಮೇಲೆ ಎಲ್ಲ ಒಟ್ಟಿಗೆ ಕೈಬಿಡುತ್ತದೆ. ಮಗುವಿಗೆ 14 ವರ್ಷ ಆದರೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆಯೂ ಮುಗಿಯಿತು. ಇಲ್ಲಿ ಮಧ್ಯಾಹ್ನದ ಊಟವೂ ಎಂಟರವರೆಗೆ ಮಾತ್ರ, ನಿಮ್ಮ ಕರ್ನಾಟಕದಲ್ಲಿ ಹತ್ತರವರೆಗೂ ಇದೆ. ಕನ್ನಡ ಹೈಸ್ಕೂಲು ಎಲ್ಲ ಊರಲ್ಲೂ ಇಲ್ಲ. ಹುಡುಗಿಯರಿಗೆ ಎಸ್‌ಟಿ, ಅಂದರೆ ಇಲ್ಲಿನ ಸರ್ಕಾರಿ ಬಸ್ಸಿನ, ಪಾಸ್ ಉಚಿತ, ನಿಜ. ಆದರೆ ಬಸ್ ಶಾಲೆಯ ಹೊತ್ತಿಗೆ ಬರಬೇಕಲ್ಲ.

ಹುಡುಗಿಯರ ವಿಷಯ ಬಂದರೆ ನನಗೆ ನಿದ್ದೆ ಬರುವುದಿಲ್ಲ. "ಈಕೀನ ಯಾರ ಕಡೆ ಬಿಟ್ಟು ಹೋಗ್ಲಿ ಗುರೂಜಿ? ವಯಸ್ಸಿಗೆ ಬಂದ ಹುಡುಗಿ" ಅಂತ ಒಬ್ಬ ತಾಯಿ ಕೇಳಿದರೆ ನನ್ನ ಹತ್ತಿರ ತಟ್ಟನೆ ಉತ್ತರ ಇರುವುದಿಲ್ಲ. ಆಕೆಗೆ ಮಗಳ ಮೇಲೆ ಪ್ರೀತಿ ಕಡಿಮೆ ಅಲ್ಲ, ಭಯ ಜಾಸ್ತಿ. ಜೊತೆಗೆ ಕರೆದುಕೊಂಡು ಹೋಗುತ್ತಾಳೆ, ಇಲ್ಲ ಮದುವೆ ಮಾಡುತ್ತಾಳೆ. ಮದುವೆಯಾದರೆ ಇನ್ನೊಂದು ಜೋಡಿ, ಇನ್ನೊಂದು ಕೊಯ್ತಾ, ಇನ್ನೊಂದು ಉಚಲ.

ಹಾಗಂತ ನಾವು ಕೈಕಟ್ಟಿ ಕೂತಿಲ್ಲ. ಟ್ರ್ಯಾಕ್ಟರ್ ಬರುವ ಮೊದಲೇ ಮನೆಮನೆಗೆ ಹೋಗುತ್ತೇವೆ. ಅಜ್ಜಿಯೋ ಸೋದರತ್ತೆಯೋ ಊರಲ್ಲಿದ್ದರೆ ಮಗುವನ್ನು ಅವರ ಹತ್ತಿರ ಬಿಡಿಸುತ್ತೇವೆ. ಇದಕ್ಕೆ ಸರ್ಕಾರದ ಹಂಗಾಮಿ, ಅಂದರೆ ಹಂಗಾಮಿನ ಮಟ್ಟಿಗಿನ, ವಸತಿಗೃಹ ಯೋಜನೆ ಇದೆ, ಮಂಜೂರಾದ ಕಡೆ ಬೆಳಗ್ಗೆ ರಾತ್ರಿ ಊಟ ಸಿಗುತ್ತದೆ. ನನ್ನ ಅನುಭವದಲ್ಲಿ ಬೇರೆಲ್ಲಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿದೆ. ಮುದುಕಿಗೆ ಒಂದು ಹೊತ್ತಿನ ಅಡುಗೆ ಉಳಿದರೂ ಆಕೆ ಮೊಮ್ಮಗನನ್ನು ಇಟ್ಟುಕೊಳ್ಳುತ್ತಾಳೆ. ಮಕ್ಕಳು ಸಂಜೆ ನನ್ನ ಫೋನಿನಿಂದ ಅಪ್ಪ ಅವ್ವನ ಜೊತೆ ಮಾತಾಡುತ್ತಾರೆ. ಅಷ್ಟು ಮಾತಾಡಿಸಿದರೆ ಅಳು ಕಡಿಮೆ, ಓಡಿಹೋಗುವುದೂ ಕಡಿಮೆ.

ಈಗಾಗಲೇ ಶಾಲೆ ಬಿಟ್ಟ ದೊಡ್ಡ ಹುಡುಗರಿಗೆ 17 ನಂಬರ್ ಫಾರ್ಮ್ ಇದೆ. ಅದನ್ನು ತುಂಬಿ ಹತ್ತನೆಯ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದು. ಆದರೆ ಪರೀಕ್ಷೆ ಬರುವುದು ಫೆಬ್ರವರಿ ಮಾರ್ಚಿನಲ್ಲಿ, ಕಬ್ಬು ಇನ್ನೂ ನಿಂತಿರುತ್ತದೆ. ಮುಕಾದಮನ ಹತ್ತಿರ ಹುಡುಗನಿಗಾಗಿ ರಜೆ ಕೇಳುವುದೂ ಮೇಷ್ಟ್ರ ಕೆಲಸವೇ ಆಗಿದೆ. ಒಂದೆರಡು ವಿಷಯ ಹೋದರೂ ಎಟಿಕೆಟಿಯಲ್ಲಿ, ಅಂದರೆ ಫೇಲಾದ ವಿಷಯ ಬಾಕಿ ಇಟ್ಟುಕೊಂಡೇ, ಹನ್ನೊಂದಕ್ಕೆ ಸೇರಬಹುದು, ಜೂನ್ ಜುಲೈ ಹೊತ್ತಿನ ಪೂರಕ ಪರೀಕ್ಷೆಯಲ್ಲಿ ಉಳಿದದ್ದು ಬರೆಯಬಹುದು. ಇದು ಗೊತ್ತಿಲ್ಲದೆ ಗಣಿತದಲ್ಲಿ ಫೇಲಾದ ದಿನವೇ ಎಲ್ಲ ಮುಗಿಯಿತು ಅಂತ ಕೊಯ್ತಾ ಹಿಡಿದವರು ನಮ್ಮೂರಲ್ಲಿ ಇದ್ದಾರೆ.

ಇಲ್ಲಿನ ಕಚೇರಿಯಲ್ಲಿ ನಾವು ಕನ್ನಡದವರು, ಗಡಿಯಾಚೆ ಕಚೇರಿಯಲ್ಲಿ ಮಹಾರಾಷ್ಟ್ರದವರು. ನಾವು ಎಲ್ಲಿಯವರು ಅನ್ನುವ ಅನುಮಾನ ನಮಗೆ ಯಾವತ್ತೂ ಇಲ್ಲ. ಇದೇ ಮಣ್ಣಿನವರು, ಇದೇ ಮಾತಿನವರು. ನವೆಂಬರ್ ಬಂದರೆ ಎರಡೂ ಕಡೆ ಗಡಿನಾಡ ಕನ್ನಡದ ಬಗ್ಗೆ ಭಾಷಣ ಆಗುತ್ತದೆ. ಅದೇ ನವೆಂಬರಿನಲ್ಲಿ ನಮ್ಮ ತರಗತಿ ಖಾಲಿಯಾಗುತ್ತಿರುತ್ತದೆ.

ನಿನಗೆ ಶಿಕ್ಷಣ ಇಲಾಖೆಯಲ್ಲಿ ಪರಿಚಯದವರು ಇದ್ದಾರೆ ಅಂತ ಹೇಳಿದ್ದೆ. ಅವರಿಗೆ ಒಂದು ಮಾತು ಕೇಳು. ಈ ಹಮೀ ಕಾರ್ಡನ್ನು ಕನ್ನಡದಲ್ಲೂ ಅಚ್ಚು ಮಾಡಿಸಿ ಕೊಟ್ಟರೆ, ಟಿಸಿ ಇಲ್ಲದೆ ಅದರ ಮೇಲೆ ಆರು ತಿಂಗಳ ಮಟ್ಟಿಗೆ ಹೆಸರು ಏರಿಸಿಕೊಳ್ಳಿ ಅಂತ ಅಥಣಿ, ಚಿಕ್ಕೋಡಿ ಶಾಲೆಗಳಿಗೆ ಒಂದು ಸುತ್ತೋಲೆ ಬರಬಹುದಾ? ಕಾರ್ಡಿನ ಕನ್ನಡ ಪ್ರತಿ ನಾನೇ ಬರೆದು ಕಳಿಸುತ್ತೇನೆ. ದಸರಾಕ್ಕೆ ಮೊದಲು ತಿಳಿಸು.