ಲಿಂಗನಮಕ್ಕಿಯೊಳಗಿನ ಇನ್ನೊಂದು ಡ್ಯಾಂ

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಗೆ ಹಳೇ ಅಣೆಕಟ್ಟೊಂದು ಕಾಣುತ್ತದಂತೆ, ನಿಜವೇ? ಇಷ್ಟು ವರ್ಷ ನೀರಲ್ಲಿದ್ದೂ ಅದು ಯಾಕೆ ಒಡೆದಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. ಅದು ಹಿರೇಭಾಸ್ಕರ ಅಣೆಕಟ್ಟು. ಸಾಗರ ತಾಲ್ಲೂಕಿನ ನಾವೆಲ್ಲ ಮಡೆನೂರು ಡ್ಯಾಂ ಅಂತಲೇ ಕರೆಯುತ್ತೇವೆ. ಜೋಗದ ಹಳೇ ಪವರ್ ಹೌಸಿಗೆ ನೀರು ಕೊಡಲೆಂದು ಮೈಸೂರು ಸಂಸ್ಥಾನದ ಕಾಲದಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ್ದು. 1948ರ ಹೊತ್ತಿಗೆ ಕೆಲಸ ಮುಗಿದಿತ್ತು. ಆಮೇಲೆ ಕರೆಂಟು ಜಾಸ್ತಿ ಬೇಕಾಯಿತು. 1964ರಲ್ಲಿ ಅದೇ ಹೊಳೆ ಹರಿಯುವ ದಿಕ್ಕಿನಲ್ಲಿ ಇನ್ನೂ ಕೆಳಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಷ್ಟು ತುಂಬಿದರೆ ಮಡೆನೂರು ಡ್ಯಾಂ ಪೂರ್ತಿ ಮುಳುಗುತ್ತದೆ.

ನೀರು ಇಳಿದಾಗ ಹೋದರೆ ಅಲ್ಲಿನ ಸೈಫನ್‌ಗಳನ್ನು, ಅಂದರೆ ಹೆಚ್ಚಾದ ನೀರನ್ನು ತಾವಾಗೇ ಹೊರಹಾಕುವ ಕೊಳವೆಗಳನ್ನು, ತಪ್ಪದೆ ನೋಡಿ. ಎಂಜಿನಿಯರ್ ಗಣೇಶ ಅಯ್ಯರ್ ಅವರ ಯೋಚನೆ ಅದು. ನೀರು ಮಟ್ಟ ಮೀರಿದಾಗ ಗುಮ್ಮಟದ ಕೆಳಗಿನ ದೊಡ್ಡ ಬಾವಿಯಂಥ ಬಾಯಿಗೆ ಸುತ್ತಲಿಂದ ಸುಳಿಯಾಗಿ ಇಳಿಯುತ್ತದೆ. ಇಳಿಯುತ್ತಾ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದ ಮೇಲೆ ನೀರು ರಭಸವಾಗಿ ತಾನಾಗೇ ಹೊರಗೆ ಹರಿಯುತ್ತದೆ. ಗೇಟು ಎತ್ತಲು ಯಾರೂ ಕಾಯಬೇಕಿಲ್ಲ. ಎಂಥಾ ತಲೆ, ಅಲ್ವಾ!

ಇನ್ನು ಒಡೆಯದ ವಿಚಾರ. ಅಣೆಕಟ್ಟಿನ ಒಂದು ಕಡೆ ಮಾತ್ರ ನೀರಿದ್ದರೆ ಅದು ಗೋಡೆಯನ್ನು ತಳ್ಳುತ್ತಲೇ ಇರುತ್ತದೆ. ಇಲ್ಲಿ ಎರಡೂ ಕಡೆ ಒಂದೇ ಮಟ್ಟದ ನೀರು. ತಳ್ಳುವ ಬಲ ಎರಡೂ ಕಡೆ ಸಮ. ಹಿನ್ನೀರಿನಲ್ಲಿ ಹೊಳೆಯ ಸೆಳೆತವೂ ಕಡಿಮೆ. ಕಟ್ಟಿದವರ ಕೈಗುಣವೂ ಗಟ್ಟಿ ಎನ್ನಿ.

ಆದರೆ ಈ ಡ್ಯಾಂ ಕಾಣಿಸಿದ ಕೂಡಲೇ ಎಲ್ಲರೂ ಫೋಟೊ ತೆಗೆದು ವಾಪಸ್ ಹೋಗುವುದು ನನಗೆ ಬೇಸರ ತರುತ್ತದೆ. ಅದರ ಸುತ್ತ ಊರುಗಳಿದ್ದವು. ನನ್ನ ಅಜ್ಜಿಯ ತವರು ಅಲ್ಲೇ. ಗದ್ದೆ, ಅಡಿಕೆ ತೋಟ, ಕೊಟ್ಟಿಗೆ ಎಲ್ಲ ನೀರಿಗೆ ಹೋಯಿತು. ನಮ್ಮಲ್ಲಿ ಇದಕ್ಕೆ ಒಂದೇ ಮಾತು: ಮುಳುಗಡೆ. 'ಮುಳುಗಡೆಗೆ ಮುಂಚೆ', 'ಮುಳುಗಡೆ ಆದ್ಮೇಲೆ' ಅಂತಲೇ ಅಜ್ಜಿ ವರ್ಷ ಲೆಕ್ಕ ಹಾಕುತ್ತಿದ್ದರು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ಈಗಲೂ ತಾವಿರುವ ಜಾಗದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಇದು ಅನ್ಯಾಯ.

ನೋಡಲು ಹೋಗುವುದಾದರೆ ಮಳೆ ಶುರುವಾಗುವ ಮುಂಚೆ, ಮೇ ಕೊನೆಗೆ ಹೋಗಿ. ಎಲ್ಲ ವರ್ಷವೂ ಕಾಣುವುದಿಲ್ಲ, ಮೊದಲೇ ವಿಚಾರಿಸಿ. ಒಣಗಿದಂತೆ ಕಾಣುವ ಹೂಳಿನಲ್ಲಿ ಮೊಣಕಾಲವರೆಗೂ ಹೂತುಹೋಗಬಹುದು. ಹಾಗಾಗಿ ಊರಿನ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ವಯಸ್ಸಾದವರು ಸಿಕ್ಕರೆ ಇನ್ನೂ ಒಳ್ಳೆಯದು. ಯಾರ ಮನೆ ಎಲ್ಲಿತ್ತು ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ.